ಡೈನಮೊದ ಎಣ್ಣೆ, ನನ್ನ ಕಾಲ್ಗುಣ

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ನಾನು ಮದುವೆಯಾಗಿ ಯಲಬುರ್ಗಾಕ್ಕೆ ಬಂದೆ. ಮಾವನವರದು ಕಾಳುಕಡಿಯ ವ್ಯಾಪಾರ. ಹೈದರಾಬಾದಿನ ಯಾರೋ ಸಾಹೇಬರು ಓಡಿಸಿ ಬಿಟ್ಟ ಹಳೆಯ ಕಾರೊಂದು ಅವರ ಬಳಿ ಇತ್ತು. ನಾನು ಮನೆ ತುಂಬಿದ ತಿಂಗಳಲ್ಲೇ ಅದರ ಬ್ಯಾಟರಿ ಸತ್ತಿತು. ಕೊಪ್ಪಳಕ್ಕೆ ಕಳಿಸಿ ಚಾರ್ಜ್ ಮಾಡಿಸಿ ತಂದರೆ ನಾಲ್ಕು ದಿನ ಓಡಿ ಮತ್ತೆ ಸಾಯುತ್ತಿತ್ತು. ಬ್ಯಾಟರಿಯಲ್ಲಿ ಏನೂ ದೋಷವಿಲ್ಲ ಎಂದು ಅಲ್ಲಿನ ಮಿಸ್ತ್ರಿ ಹೇಳಿ ಕಳಿಸಿದ. ಅಲ್ಲಿಗೆ ದೋಷ ಯಾರದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿಹೋಯಿತು.

"ಈಕಿ ಕಾಲಿಟ್ಟ ಮ್ಯಾಲ ಗಾಡಿಗೆ ಜೀವಾನ ಇಲ್ಲದಂಗಾಗೇತಿ," ಎಂದರು ಅತ್ತೆ. ನಮ್ಮ ಬಾವಿಗೆ ನೀರು ಸೇದಲು ಬಂದವರ ಮುಂದೂ ಅದೇ ಮಾತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಹೊಸ ಸೊಸೆಗೆ ಬಾಯಿ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಗಂಗಾವತಿಯಿಂದ ಸುದ್ದಿ ಬಂತು. ಅವ್ವನಿಗೆ ಜ್ವರ ಏರಿದೆ, ಕೂಡಲೇ ಬಾ ಅಂತ. ಬ್ಯಾಟರಿ ಆವತ್ತೇ ಕೊಪ್ಪಳದಿಂದ ಚಾರ್ಜ್ ಆಗಿ ಬಂದಿತ್ತು, ಕಾರು ಹೊರಡಬಹುದಿತ್ತು. ಅತ್ತೆ ಬಿಡಲಿಲ್ಲ. ನಾನು ಕೂತರೆ ದಾರಿಯಲ್ಲೇ ನಿಲ್ಲುತ್ತದೆ, ಬಸ್ಸಿದ್ದ ದಿನ ಹೋಗಲಿ ಎಂದರು. ನಮ್ಮ ಮನೆಯವರು ತಲೆ ತಗ್ಗಿಸಿ ನಿಂತಿದ್ದರು. ಅತ್ತೆಯ ಮಾತಿಗಿಂತ ಆ ತಗ್ಗಿದ ತಲೆ ಕಂಡು ನನಗೆ ಹೆಚ್ಚು ಸಿಟ್ಟು ಬಂತು.

ನನ್ನ ಅಪ್ಪ ಅಕ್ಕಿ ಗಿರಣಿಯವರು. ಗಿರಣಿಯ ಎಂಜಿನ್ನಿಗೆ ಪಟ್ಟಾ ಹಾಕಿ ಡೈನಮೊ ತಿರುಗಿಸಿ ದೀಪ ಉರಿಸುತ್ತಿದ್ದರು. ಅದನ್ನು ನೋಡುತ್ತಲೇ ಬೆಳೆದವಳು ನಾನು. ಕಾರಿನಲ್ಲಿ ಬ್ಯಾಟರಿ ತುಂಬುವುದೂ ಅಂಥದೇ ಒಂದು ಡೈನಮೊ. ಮಾವ ಅಂಗಡಿಗೆ ಹೋದ ಮೇಲೆ ನಮ್ಮ ಮನೆಯವರಿಗೆ, ಎಂಜಿನ್ ಚಾಲೂ ಮಾಡಿ ಜೋರಾಗಿ ಓಡಿಸಿರಿ ಎಂದೆ. ಚಾರ್ಜ್ ತೋರಿಸುವ ಮುಳ್ಳು ಕೂಡುವ ಕಡೆಗೆ ಹೊರಳಬೇಕು. ಅದು ಕಳೆಯುವ ಕಡೆಯೇ ಮಲಗಿತ್ತು. ಅಂದರೆ ಬ್ಯಾಟರಿ ಬರೀ ಖರ್ಚಾಗುತ್ತಿದೆ, ತುಂಬುತ್ತಿಲ್ಲ. ಪಟ್ಟಾ ಬಿಗಿಯಾಗಿತ್ತು, ತಂತಿಗಳೂ ಗಟ್ಟಿಯಾಗಿದ್ದವು. ಎಂಜಿನ್ ನಿಲ್ಲಿಸಿ, ಡೈನಮೊದ ಹಿಂಬದಿ ಮುಚ್ಚಿದ್ದ ತಗಡಿನ ಪಟ್ಟಿ ಬಿಚ್ಚಿದೆ.

ಒಳಗೆ ಔಡಲೆಣ್ಣೆ ಮಡುಗಟ್ಟಿ ನಿಂತಿತ್ತು. ಅದರಲ್ಲಿ ಕುಂಕುಮ ಕಲೆತು ಕರಿ ರಾಡಿಯಾಗಿತ್ತು. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಮೆಲ್ಲಗೆ ಹೇಳಿದರು: ಪ್ರತಿ ಅಮಾವಾಸ್ಯೆ ಬಂಡಿಗಳ ಪೂಜೆ ಮಾಡಿ ಗಾಲಿಯ ಕೀಲಿಗೆ ಎಣ್ಣೆ ಬಿಡುವಾಗ ಮಾವನವರು ಕಾರಿಗೂ ಪೂಜೆ ಮಾಡುತ್ತಿದ್ದರಂತೆ. ತಿರುಗುವುದಕ್ಕೆಲ್ಲ ಎಣ್ಣೆ ಬೇಕು ಎಂದು ಡೈನಮೊದೊಳಗೂ ಕೈತುಂಬ ಸುರಿಯುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಅದು ಒಳಗೆಲ್ಲ ತುಂಬಿತ್ತು, ಅಷ್ಟೆ. ಒಳಗೆ ತಿರುಗುವ ತಾಮ್ರದ ಉರುಳೆಗೂ ಅದಕ್ಕೆ ಒತ್ತಿ ನಿಲ್ಲುವ ಕಾರ್ಬನ್ ತುಂಡುಗಳಿಗೂ ನಡುವೆ ಎಣ್ಣೆ ಕೂತರೆ ಕರೆಂಟು ಹೊರಗೆ ಬರುವುದಾದರೂ ಹೇಗೆ?

ಪೆಟ್ರೋಲಿನಲ್ಲಿ ಅರಿವೆ ಅದ್ದಿ ಉರುಳೆ ಒರೆಸಿದೆ. ಕಾರ್ಬನ್ ತುಂಡುಗಳನ್ನು ಉಸುಕುಕಾಗದದ ಮೇಲೆ ತಿಕ್ಕಿದೆ. ಪೆಟ್ರೋಲು ಪೂರ್ತಿ ಆರಲಿ ಎಂದು ಕಾದು, ಪಟ್ಟಿ ಮುಚ್ಚಿ ಎಂಜಿನ್ ಚಾಲೂ ಮಾಡಿಸಿದೆ. ಮುಳ್ಳು ಥಟ್ಟನೆ ಕೂಡುವ ಕಡೆಗೆ ಎದ್ದಿತು. ನನಗೆ ಅಳು ಬಂತು.

ಸಪ್ಪಳ ಕೇಳಿ ಮಾವ ಪಕ್ಕದ ಅಂಗಡಿಯಿಂದ ಬಂದರು. ಎಣ್ಣೆಯ ಅರಿವೆ ಅವರ ಮುಂದೆ ಹಿಡಿದೆ. "ಮಾವಾರ, ಇದು ನನ್ನ ಕಾಲ್ಗುಣ ಅಲ್ರಿ. ನೀವು ಹಾಕಿದ ಎಣ್ಣಿ ಐತ್ರಿ. ಅತ್ತಿಯಾರ ಮುಂದ ಒಂದು ಮಾತು ಹೇಳ್ರಿ."

ಅವರು ಅರಿವೆಯತ್ತ ನೋಡಲೇ ಇಲ್ಲ. "ಗಾಡಿ ಸಲುವಾಗಿ ಹನುಮಪ್ಪಗ ಕಾಯಿ ಒಡಿಸಿದ್ದು ಛಲೋ ಆತು," ಎಂದು ಒಳಗೆ ಹೋದರು.

ಹನುಮಪ್ಪನ ಹೆಸರು ಬಂದ ಮೇಲೆ ಅತ್ತೆ ತಡೆಯಲಿಲ್ಲ. ಅದೇ ಕಾರಿನಲ್ಲಿ ಗಂಗಾವತಿಗೆ ಹೋದೆ. ಎಲ್ಲೂ ನಿಲ್ಲಲಿಲ್ಲ. ಅವ್ವನ ಜ್ವರ ಇಳಿಯುವವರೆಗೆ ಪಕ್ಕದಲ್ಲೇ ಇದ್ದೆ. ಅವ್ವ ಬದುಕಿ ಉಳಿದಳು. ಮರಳಿ ಬಂದಾಗ ಹೊಸ್ತಿಲಲ್ಲೇ ಅತ್ತೆ ನೀರು ಸೇದುವವರಿಗೆ ಕೇಳುವಂತೆ ಅಂದರು: "ನಮ್ಮ ಕಾರಿನ ಕಾಲ್ಗುಣ ನೋಡ್ರಿ. ಅದು ಬಾಗಲಿಗೆ ಹೋಗಿ ನಿಂತದ್ದ ತಡ, ಬೀಗತಿ ಎದ್ದು ಕುಂತಾರ."

ಕಾಲೇ ಇಲ್ಲದ ಕಾರಿಗೆ ಒಳ್ಳೆಯ ಕಾಲ್ಗುಣ ಸಿಕ್ಕಿತು. ನನಗೆ ಸಿಗಲಿಲ್ಲ. ಅವರೆಲ್ಲ ಹೋಗಿ ಬಹಳ ವರ್ಷಗಳಾದವು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.