ಅಜ್ಜಿಗಾಗಿ ತಗ್ಗಿದ ಪಿಕಪ್ಪು

ಮೊನ್ನೆ ದಿಂಬಂನ ಟೀ ಅಂಗಡಿಯ ಮುಂದೆ ಒಂದು ಹಳೆಯ ಪಿಕಪ್ಪು ನಿಂತಿತ್ತು. ಘಾಟಿಯ ತಿರುವುಗಳನ್ನೆಲ್ಲ ಹತ್ತಿ ಬಂದ ಆಯಾಸಕ್ಕೆ ಅದರ ಬಾನೆಟ್ಟಿನಿಂದ ಬಿಸಿ ಎಣ್ಣೆಯ ವಾಸನೆ ಬರುತ್ತಿತ್ತು. ಗುಂಡನೆಯ ದೀಪಗಳು, ಹೊಸ ನೀಲಿ ಬಣ್ಣ. ಹಿಂಭಾಗ ಮಾತ್ರ ನೆಲಕ್ಕೆ ಕೂತೇಬಿಟ್ಟಂತಿತ್ತು. ಪಾಪ, ಏನೋ ಮುರಿದಿದೆ ಎಂದು ನಾನು ಮರುಗಿದೆ. ಅದರ ಮಾಲೀಕ ನಕ್ಕು, ಮುರಿದದ್ದಲ್ಲ ಸಾರ್, ಬೇಕೆಂದೇ ತಗ್ಗಿಸಿದ್ದು, ಹಿಂದಿನ ಸ್ಪ್ರಿಂಗು ಆರಿಸುವುದಕ್ಕೇ ಮೂರು ತಿಂಗಳು ತಲೆ ಕೆಡಿಸಿಕೊಂಡೆ ಎಂದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಆ ಕಷ್ಟ ನನಗೆ ಗೊತ್ತು. ನಮ್ಮ ಮನೆಯಲ್ಲೂ ಒಮ್ಮೆ ಪಿಕಪ್ಪು ತಗ್ಗಿಸಿದ್ದೆವು. ಚೆಂದಕ್ಕಲ್ಲ, ಅಜ್ಜಿಗಾಗಿ.

ದೊಡ್ಡಗಾಜನೂರಿನ ನಮ್ಮ ಮನೆಗೆ ಎತ್ತರದ ಜಗಲಿ, ಅದಕ್ಕೆ ನಾಲ್ಕು ಮೆಟ್ಟಿಲು. ಅಜ್ಜಿ ಸಮನೆಲದಲ್ಲಿ ಕೋಲೂರಿಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು, ಆದರೆ ಅವಳ ಮಂಡಿಗಳು ಒಂದೇ ಒಂದು ಮೆಟ್ಟಿಲಿಗೂ ಒಪ್ಪುತ್ತಿರಲಿಲ್ಲ. ಹಾಗೆಂದು ಎತ್ತಿ ಇಳಿಸುವಂತೆಯೂ ಇರಲಿಲ್ಲ. ಒಂದು ಮದುವೆಯಲ್ಲಿ ನಾಲ್ವರು ಅವಳನ್ನು ಕುರ್ಚಿಯ ಸಮೇತ ಎತ್ತಿ ಛತ್ರದೊಳಗೆ ಇಟ್ಟಿದ್ದರು. ಅಲ್ಲಿದ್ದವರೆಲ್ಲ ಎದ್ದು ನಿಂತು ನೋಡಿದರಂತೆ. ಅಂದಿನಿಂದ ಯಾರೂ ತನ್ನನ್ನು ಎತ್ತಕೂಡದು, ಕೈ ಹಿಡಿಯಕೂಡದು ಎಂದು ಶಪಥ ಮಾಡಿ ಆರು ವರ್ಷ ಜಗಲಿ ಇಳಿದಿರಲಿಲ್ಲ.

ಹೀಗಿರುವಾಗ ತಿಗನಾರೆಯಿಂದ ಅವಳ ತಂಗಿ ಗೌರಮ್ಮ ಹೇಳಿಕಳಿಸಿದಳು. ಕಣ್ಣು ದಿನದಿನಕ್ಕೆ ಮಬ್ಬಾಗುತ್ತಿದೆ, ಪೂರ್ತಿ ಹೋಗುವ ಮುಂಚೆ ಅಕ್ಕನ ಮುಖ ಒಮ್ಮೆ ನೋಡಬೇಕು ಎಂದು. ಚಿಕ್ಕಪ್ಪ ನಂಜಪ್ಪ ಆ ಕಡೆಯಿಂದ ಅವಳನ್ನೇ ಕರೆತರುತ್ತೇನೆಂದ. ಅಜ್ಜಿ ಒಪ್ಪಲಿಲ್ಲ. ದೊಡ್ಡವಳು ತಾನು, ನೋಡಲು ಹೋಗಬೇಕಾದವಳೂ ತಾನೇ ಎಂದಳು.

ಚಿಕ್ಕಪ್ಪ ಕೋಸು ಸಾಗಿಸುತ್ತಿದ್ದ ಹಳೇ ಪಿಕಪ್ಪನ್ನು ಜಗಲಿಗೆ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಹಿಂದಿನ ಹಲಗೆ ತೆರೆದರೆ ಪಿಕಪ್ಪಿನ ತಳ ಜಗಲಿಗಿಂತ ಒಂದು ಗೇಣು ಎತ್ತರ. ನಡುವೆ ಇಳಿಜಾರಾಗಿ ಒಂದು ಮರದ ಹಲಗೆ ಹಾಕೋಣವೆಂದು ನಾನು ಸೂಚಿಸಿದೆ. ನಾನಾಗ ಹೊಸದಾಗಿ ಮೇಷ್ಟ್ರಾಗಿದ್ದೆ, ಸೂಚನೆ ಕೊಡುವುದು ರೂಢಿಯಾಗಿತ್ತು.

“ಅಲಗೆ ಅತ್ತಕೆ ನಾನೇನು ಸಂತೆಗೋಗೋ ಆಡಾ?” ಎಂದಳು ಅಜ್ಜಿ.

ಚಿಕ್ಕಪ್ಪ ಬಹಳ ಹೊತ್ತು ಆ ಒಂದು ಗೇಣನ್ನೇ ನೋಡುತ್ತಾ ನಿಂತಿದ್ದ. ಆಮೇಲೆ, ಅವ್ವ ಏರದಿದ್ದರೆ ಗಾಡಿ ಇಳಿಯಬೇಕು ಎಂದು ತೀರ್ಮಾನಿಸಿ ತಾಳವಾಡಿಯ ಮೆಕ್ಯಾನಿಕ್ ಸೆಲ್ವಂ ಬಳಿಗೆ ಹೋದ.

ಇಂಥ ಗಾಡಿಯ ಹಿಂದಿನ ಚಕ್ರಗಳ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಅದೇ ಸ್ಪ್ರಿಂಗು. ಸೆಲ್ವಂ ಮೊದಲು ಏಳು ಪಟ್ಟಿಗಳಲ್ಲಿ ಎರಡನ್ನು ಕಳಚಿದ. ಗಾಡಿ ಮೂರು ಬೆರಳು ತಗ್ಗಿತು, ಸಾಲಲಿಲ್ಲ. ಆಮೇಲೆ ಪಟ್ಟಿಗಳನ್ನು ಕುಲುಮೆಗೆ ಒಯ್ದು ಬಾಗು ತೆಗೆಸಿ ಚಪ್ಪಟೆ ಮಾಡಿಸಿದ. ಈಗ ತಳ ಜಗಲಿಗೆ ಎಷ್ಟು ಸರಿಯಾಗಿ ಕೂತಿತೆಂದರೆ ಅಜ್ಜಿಯೇ ಬಂದು ಕೋಲಿನಿಂದ ತಟ್ಟಿ ನೋಡಿ ತಲೆಯಾಡಿಸಿದಳು. ನಮಗೆಲ್ಲ ಯುದ್ಧ ಗೆದ್ದ ಖುಷಿ. ಆಗ ಚಿಕ್ಕಮ್ಮ ಮೊರದಲ್ಲಿ ಅಕ್ಕಿ ಕೇರುತ್ತಲೇ, ತಿಗನಾರೆಯಲ್ಲಿ ಇಳಿಯುವುದು ಹೇಗೆ ಎಂದು ಕೇಳಿದಳು. ಅಲ್ಲಿಯ ಜಗಲಿ ಎಷ್ಟೆತ್ತರವೋ ಯಾರಿಗೂ ಗೊತ್ತಿರಲಿಲ್ಲ.

ನಾನೇ ದಾರ ಹಿಡಿದುಕೊಂಡು ಹೋಗಿ ಅಳೆದು ಬಂದೆ. ನಮ್ಮದಕ್ಕಿಂತ ನಾಲ್ಕು ಬೆರಳು ಕಡಿಮೆ. ನೋಡಿ, ಎರಡು ಜಗಲಿ, ಒಂದೇ ಗಾಡಿ. ಅದಕ್ಕೂ ಮಿಗಿಲಾಗಿ ಆ ದಾರಿಯ ಗುಂಡಿಗಳಲ್ಲಿ ಇಷ್ಟು ತಗ್ಗಿದ ಗಾಡಿ ಹೊಟ್ಟೆ ಉಜ್ಜದೆ ಹೋಗುವಂತಿರಲಿಲ್ಲ.

ಸೆಲ್ವಂ ಬೇಸತ್ತು ಹೇಳಿದ ಮಾತೇ ನಮಗೆ ದಾರಿಯಾಯಿತು. “ಸ್ಪ್ರಿಂಗು ನಮ್ಮ ಮಾತು ಕೇಳಲ್ಲ ನಂಜಪ್ಪಣ್ಣ, ಲೋಡು ಏಳ್ದಂಗೆ ಕೇಳ್ತದೆ.”

ಚಿಕ್ಕಪ್ಪನ ಮುಖದಲ್ಲಿ ಬೆಳಕು ಬಂತು. ಗಾಡಿಯನ್ನು ಕಾಯಂ ಆಗಿ ತಗ್ಗಿಸುವ ಅಗತ್ಯವೇ ಇರಲಿಲ್ಲ. ತೀರಾ ಮೆತ್ತನೆಯ ಸ್ಪ್ರಿಂಗು ಹಾಕಿದರೆ ಜನ ಕೂತಾಗ ತಗ್ಗುತ್ತದೆ, ಅಜ್ಜಿ ನಡೆದು ಹತ್ತುತ್ತಾಳೆ, ಜನ ಇಳಿದರೆ ಗಾಡಿ ಏಳುತ್ತದೆ, ದಾರಿ ಸಾಗುತ್ತದೆ. ಸೆಲ್ವಂ ಗುಜರಿಗೆ ಹೋಗಲಿದ್ದ ಒಂದು ಕಾರಿನಿಂದ ತೆಳುವಾದ ಪಟ್ಟಿಗಳನ್ನು ತಂದು ಜೋಡಿಸಿದ. ಇದರಲ್ಲಿ ಕೋಸು ಹೊರಲಾಗದು ಎಂದು ಎಚ್ಚರಿಸಿದ. ಅವ್ವನ ಕೆಲಸ ಮುಗಿಯುವ ತನಕ ಕೋಸು ಹೊಲದಲ್ಲೇ ಇರಲಿ ಎಂದ ಚಿಕ್ಕಪ್ಪ.

ಮುಂದಿನ ಭಾನುವಾರ ನೆಂಟರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಗಾಡಿ ಹತ್ತಿಸಿ ಬೆರಳಲ್ಲಿ ಅಳೆದ. ಸಿದ್ದಪ್ಪ ಮಾವ ಒಬ್ಬನೇ ಒಂದೂವರೆ ಬೆರಳು. ಚಿಕ್ಕಮ್ಮ ಮುಕ್ಕಾಲು ಬೆರಳು, ಅದನ್ನು ಎಲ್ಲರೆದುರು ಹೇಳಿದ್ದಕ್ಕೆ ಅವಳು ಎರಡು ದಿನ ಮಾತಾಡಲಿಲ್ಲ. ನಾನು ಹತ್ತಿದಾಗ ಚಿಕ್ಕಪ್ಪ ಬಗ್ಗಿ ನೋಡಿ, ಹತ್ತು ಅಂದೆನಲ್ಲ, ಯಾಕೆ ಇನ್ನೂ ಹತ್ತಿಲ್ಲ ಎಂದು ಕೇಳಿದ. ಕೊನೆಗೆ ಲೆಕ್ಕ ನಿಂತಿತು. ನಮ್ಮ ಜಗಲಿಗೆ ಆರು ಜನ, ತಿಗನಾರೆಯದಕ್ಕೆ ಹತ್ತು ಜನ.

ಹೊರಟ ದಿನ ಬೆಳಗ್ಗೆ ಆರು ಜನ ಹತ್ತಿ ಕೂತೆವು. ಅಜ್ಜಿ ಹೊಸ ಸೀರೆಯುಟ್ಟು, ಯಾರ ಕೈಯನ್ನೂ ಮುಟ್ಟದೆ, ಪಡಸಾಲೆಯಿಂದ ದೇವರಮನೆಗೆ ಹೋದಷ್ಟೇ ಸಲೀಸಾಗಿ ನಡೆದು ಬಂದು ತನ್ನ ಬೆತ್ತದ ಕುರ್ಚಿಯಲ್ಲಿ ಕೂತಳು. ನಾವು ಒಬ್ಬೊಬ್ಬರಾಗಿ ಇಳಿದೆವು, ಗಾಡಿ ಮೆಲ್ಲನೆ ಎದ್ದಿತು.

“ನಂಜ, ನೆಲ ಕೆಳಿಕೆ ಓಯ್ತಾ ಅದೆ ಕಣ್ಲಾ,” ಎಂದಳು ಅಜ್ಜಿ.

ಕುರ್ಚಿ ಹಿಡಿದುಕೊಳ್ಳಲು ನನ್ನೊಬ್ಬನನ್ನು ಉಳಿಸಿಕೊಂಡರು. ತೂಕಕ್ಕೆ ಬೇಕಾದ ಹತ್ತು ಜನ ಬಸ್ಸಿನಲ್ಲಿ ಮುಂದೆ ಹೋದರು. ನಾವು ಆಮೆಯ ವೇಗದಲ್ಲಿ ಅಡ್ಡದಾರಿ ಹಿಡಿದು ತಿಗನಾರೆ ತಲುಪಿದಾಗ ಬಸ್ಸೇ ಬಂದಿರಲಿಲ್ಲ. ದಾರಿಯಲ್ಲಿ ಆನೆ ನಿಂತಿದೆ, ಅದು ಹೋಗುವ ತನಕ ಬಸ್ಸು ಬರುವುದಿಲ್ಲ ಎಂದು ಯಾರೋ ಹೇಳಿದರು.

ಗೌರಜ್ಜಿ ಜಗಲಿಯ ಅಂಚಿನಲ್ಲಿ ಕಾಲು ಮಡಿಸಿ ಕೂತಿದ್ದಳು. ಅವಳೆದುರು ಹಿಮ್ಮುಖವಾಗಿ ನಿಂತ ಗಾಡಿಯಲ್ಲಿ, ಒಂದು ಮಾರು ದೂರದಲ್ಲಿ, ಮೇಲೆ, ಕುರ್ಚಿಯಲ್ಲಿ ಅಜ್ಜಿ. ಅಕ್ಕನ ದನಿ ಎಲ್ಲಿಂದ ಬರುತ್ತಿದೆಯೆಂದು ತಂಗಿ ಮುಖವೆತ್ತಿ ಹುಡುಕುತ್ತಿದ್ದಳು. ಇಬ್ಬರೂ ಆರು ವರ್ಷ ಕಾದಿದ್ದರು. ಇನ್ನು ಕಾಯುವುದು ನಮ್ಮಿಂದಲೇ ಆಗಲಿಲ್ಲ. ಚಿಕ್ಕಪ್ಪ ಬೀದಿಯವರಿಗೆ ವಿಷಯ ವಿವರಿಸಿ, ದಯಮಾಡಿ ಬಂದು ಹತ್ತಿ ಎಂದು ಕೇಳಿಕೊಂಡ.

ತಿಗನಾರೆಯವರು ಉದಾರಿಗಳು. ಯಾಕೆಂದು ಅರ್ಥವಾದವರೂ ಹತ್ತಿದರು, ಆಗದವರೂ ಹತ್ತಿದರು. ಹತ್ತು ಸಾಕೆಂದರೂ ಕೇಳದೆ ಹದಿನಾಲ್ಕು ಜನವಾದಾಗ ಕೆಳಗೆ ಏನೋ ಲಟಕ್ಕೆಂದಿತು, ಗಾಡಿ ಜಗಲಿಗಿಂತ ಒಂದು ಗೇಣು ಕೆಳಗೆ ಹೋಗಿ ನಿಂತಿತು. ಈಗ ಅಜ್ಜಿ ಹತ್ತಬೇಕಾಗಿ ಬಂತು. ಚಿಕ್ಕಪ್ಪ ನಾಲ್ವರನ್ನು ಇಳಿಯಲು ಬೇಡಿದ. ಅವರು ಇಳಿದರೂ ಗಾಡಿ ಅಲುಗಲಿಲ್ಲ. ಎಡದ ಪಟ್ಟಿ ಮುರಿದಿತ್ತು. ಅವನು ತಲೆಯ ಮೇಲೆ ಕೈಹೊತ್ತು ಅಲ್ಲೇ ಮಣ್ಣಿನಲ್ಲಿ ಕೂತ.

ಅಷ್ಟರಲ್ಲಿ ಗೌರಜ್ಜಿ ಕಾಲು ಇಳಿಬಿಟ್ಟಳು, ಪಾದಕ್ಕೆ ಗಾಡಿಯ ತಳ ತಾಕಿತು. ಅವಳು ಎರಡೂ ಪಾದಗಳಿಂದ ಅದನ್ನು ತಡಕಿ ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಜಗಲಿಯಿಂದ ಜಾರಿ, ಗಾಡಿಯೊಳಗೆ ನಿಂತು, ಕೂತಿದ್ದವರ ಭುಜಗಳನ್ನು ಹಿಡಿಯುತ್ತಾ ಕುರ್ಚಿಯವರೆಗೆ ಬಂದಳು. ಅಕ್ಕನ ಮುಖಕ್ಕೆ ತನ್ನ ಮುಖವನ್ನು ತೀರಾ ಹತ್ತಿರ ತಂದು ನೋಡಿದಳು. ಅಂಗೈಯಿಂದಲೂ ಸವರಿದಳು.

“ಮೂಗು ಅಂಗೇ ಅದೆ ಕಣಕ್ಕ.”

“ಅದೆಲ್ಲಿಗೋದದು, ಬುಡು,” ಎಂದಳು ಅಜ್ಜಿ.

ಯಾರೂ ಇಳಿಯಲಿಲ್ಲ. ಇಳಿದರೆ ಗಾಡಿ ಏನಾಗುವುದೋ ಎಂಬ ಭಯಕ್ಕೆ ಆ ಹತ್ತು ಜನ ಸಂಜೆಯವರೆಗೆ ಅಲ್ಲೇ ಕೂತಿದ್ದರು. ಒಳಗಿನಿಂದ ಎಲ್ಲರಿಗೂ ಗಾಡಿಗೇ ಉಪ್ಪಿಟ್ಟು, ಕಾಫಿ ಬಂತು. ಅಕ್ಕತಂಗಿಯರು ಐವತ್ತು ವರ್ಷದ ಹಿಂದಿನ ಮದುವೆಗಳನ್ನೆಲ್ಲ ಮಾತಾಡಿದರು, ಗೊತ್ತಿಲ್ಲದ ಸಂಗತಿಗಳನ್ನು ಆ ಹತ್ತು ಜನ ಹೇಳಿಕೊಟ್ಟರು. ನಮ್ಮವರು ಬಸ್ಸಿಳಿದು ಓಡಿ ಬಂದಾಗ ಹತ್ತಲು ಜಾಗವೇ ಇರಲಿಲ್ಲ. ಸಿದ್ದಪ್ಪ ಮಾವನಿಗೆ ಬಹಳ ಅವಮಾನವಾಯಿತು.

ಸೆಲ್ವಂನನ್ನು ಕರೆಸಿ, ಮುರಿದ ಪಟ್ಟಿಗೆ ಮರದ ತುಂಡು ಕಟ್ಟಿಸಿ ಹೊರಟಾಗ ಗೌರಜ್ಜಿ ಇಳಿಯಲಿಲ್ಲ. ಹತ್ತಿದ್ದಾಯಿತು, ಹಾಗೇ ಅಕ್ಕನ ಮನೆಗೇ ಬರುತ್ತೇನೆಂದಳು. ಬಟ್ಟೆಯ ಗಂಟನ್ನು ಮಗ ತಂದುಕೊಟ್ಟ. ಮನೆಯಲ್ಲಿ ಮತ್ತೆ ಜನ ಹತ್ತಿ ತಗ್ಗಿಸಿದ ಗಾಡಿಯಿಂದ ಇಬ್ಬರೂ ನಡೆದೇ ಜಗಲಿಗೆ ಬಂದರು. ಅವಳ ಕಣ್ಣು ಪೂರ್ತಿ ಹೋದದ್ದು ನಮ್ಮ ಮನೆಯಲ್ಲೇ. ಅಷ್ಟರೊಳಗೆ ಈ ಮುಖ ನೋಡಿ ನೋಡಿ ಸಾಕಾಗಿದೆ ಎಂದು ಅಕ್ಕನೊಡನೆ ಜಗಳವಾಡುವಷ್ಟು ನೋಡಿದ್ದಳು.

ಅವರಿಬ್ಬರೂ ಈಗಿಲ್ಲ. ಚಿಕ್ಕಪ್ಪನಿಗೆ ಎಪ್ಪತ್ತು ದಾಟಿದೆ. ಹೋದ ವಾರ ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಬೈಕು ತಂದೆ. ಹಿಂದಿನ ಸೀಟಿನ ಮೇಲೆ ಕಾಲು ಹಾಕಲು ಅವನಿಗೆ ಆಗುತ್ತಿರಲಿಲ್ಲ. ಒಮ್ಮೆ ಎತ್ತಿದ, ಇಳಿಸಿದ, ಲುಂಗಿ ಸರಿಪಡಿಸಿಕೊಂಡ. ಮೊದಲಿನ ನಾನಾಗಿದ್ದರೆ ಏನಾದರೊಂದು ಸೂಚನೆ ಕೊಡುತ್ತಿದ್ದೆ. ಬೈಕನ್ನು ಅವನ ಕಡೆಗೆ ಕೊಂಚ ವಾಲಿಸಿ, ಏನೂ ಕಾಣದವನಂತೆ ಬೆಟ್ಟದ ಕಡೆ ನೋಡುತ್ತಾ ಕೂತೆ. ಸುಮಾರು ಹೊತ್ತಿನ ಮೇಲೆ ಹಿಂದಿನಿಂದ ಮಾತು ಬಂತು.

“ಊಂ, ನಡಿ.”