ಸವಿತಾಳ ಲ್ಯಾಪ್‌ಟಾಪಿಗೆ ಎರಡು ಕೊಡ ನೀರು

ನಾಲ್ಕು ವರ್ಷಗಳ ಹಿಂದಿನ ಮಾತು. ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಆಗಲೇ ಹತ್ತೊಂಬತ್ತು ವರ್ಷ ಸವೆಸಿದ್ದೆ. ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ, ಮನೆಯ ಪಡಸಾಲೆಯಲ್ಲೇ ಆನ್‌ಲೈನ್ ಅರ್ಜಿ ತುಂಬಿಕೊಡುವ ಸವಿತಾ ಒಂದೇ ತಿಂಗಳಲ್ಲಿ ಮೂರನೇ ಸಲ ತನ್ನ ಹಳೆಯ ಲ್ಯಾಪ್‌ಟಾಪ್ ಹೊತ್ತು ಬಂದಳು.

ಕಾಯಿಲೆ ಒಂದೇ. ಟಚ್‌ಪ್ಯಾಡ್, ಅಂದರೆ ಬೆರಳಾಡಿಸುವ ಚೌಕ, ಮುಟ್ಟಿದರೆ ಸಾಕು, ಪರದೆಯ ಮೇಲಿನ ಬಾಣ ಕಾದ ಹೆಂಚಿಗೆ ಬಿದ್ದ ಹನಿಯ ಹಾಗೆ ಸಿಡಿಯುತ್ತಿತ್ತು. ಮೊದಲ ಸಲ ಬಿಚ್ಚಿ ಒರೆಸಿದ್ದೆ. ಎರಡನೇ ಸಲ ಟಚ್‌ಪ್ಯಾಡನ್ನೇ ಬದಲಿಸಿದ್ದೆ. ನನ್ನ ಮೇಜಿನ ಮೇಲೆ ಸಾಧು, ಅವಳ ಮನೆ ಸೇರಿದರೆ ಹುಚ್ಚು.

“ಅಣ್ಣ, ನಮ್ಮೂರ್ ಉಡ್ಗಿ ಆಸ್ಟೆಲ್ ಅರ್ಜೀಲಿ ಮಂಡ್ಯ ಒತ್ತೋಕೋದ್ರೆ ಇದು ಇನ್ಯಾವ್ದೋ ಜಿಲ್ಲೆ ಒತ್ತಿ ಕಳಿಸೇಬುಡ್ತು. ತಿದ್ದೋಕೆ ನಾಳೆ ಸಂಜೆ ಐದ್ಗಂಟೆ ಕಡೆ. ಆಸ್ಟೆಲ್ ಸಿಗ್ನಿಲ್ಲ ಅಂದ್ರೆ ಅವ್ಳು ಕಾಲೇಜು ಬುಡ್ಬೇಕು.”

ಇನ್ನೊಂದು ಹೊಸ ಟಚ್‌ಪ್ಯಾಡ್ ಹಾಕಿ ಕಳಿಸಿದೆ. ಮರುದಿನ ಮಧ್ಯಾಹ್ನ ಫೋನು: “ಅಣ್ಣ, ತಿರ್ಗಾ ಕುಣೀತದೆ.”

ಉಣ್ಣದೆ ಬಸ್ಸು ಹತ್ತಿದೆ. ತಲುಪಿದಾಗ ಮೂರೂವರೆ. ಆ ಹುಡುಗಿ ಜಗಲಿಯ ಮೇಲೆ ಕಾದು ಕೂತಿದ್ದಳು. ಅರ್ಜಿ ತಿದ್ದಲು ಅವಳ ಹೆಬ್ಬೆರಳಿನ ಗುರುತು ಬೇಕು. ಮೌಸ್ ಸಿಕ್ಕಿಸೋಣವೆಂದರೆ ಯಂತ್ರದಲ್ಲಿ ಬದುಕಿದ್ದದ್ದು ಒಂದೇ ಯುಎಸ್‌ಬಿ ಕಿಂಡಿ, ಅದು ಹೆಬ್ಬೆರಳಿನ ಗುರುತು ಓದುವ ಸಾಧನಕ್ಕೆ. ಮತ್ತೆ ಬಿಚ್ಚುವ ತ್ರಾಣ ನನಗಿರಲಿಲ್ಲ. ಸುಮ್ಮನೆ ಚಾರ್ಜರ್ ಕಿತ್ತೆ. ಬಾಣ ನಿಂತಿತು! ಮರುಕ್ಷಣ ಪರದೆಯೂ ಕಪ್ಪಾಯಿತು. ಬ್ಯಾಟರಿಗೆ ಅರೆಗಳಿಗೆಯ ಜೀವವಷ್ಟೇ ಉಳಿದಿತ್ತು. ಚಾರ್ಜರ್ ಇಲ್ಲದೆ ಯಂತ್ರ ನಡೆಯದು.

ಆಗ ಹೊಳೆಯಿತು. ಚಾರ್ಜರಿನಿಂದ ಸೋರುವ ಚೂರುಪಾರು ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆಯೇ ಅರ್ಥಿಂಗ್. ಅದಕ್ಕೆ ಹೂತ ಸರಳಿನ ಸುತ್ತ ಮಣ್ಣು ಒದ್ದೆಯಿರಬೇಕು. ಒಣಗಿದರೆ ಆ ಕರೆಂಟು ಯಂತ್ರದಲ್ಲೇ ಉಳಿದು, ಬೆರಳಿನ ಸ್ಪರ್ಶವನ್ನೇ ಗಲಿಬಿಲಿ ಮಾಡುತ್ತದೆ.

“ಅರ್ಥಿಂಗ್ ಗುಂಡಿ ಎಲ್ಲವ್ವ?”

ಸವಿತಾ ಅಂಗಳ ತೋರಿಸಿದಳು. ನುಣ್ಣನೆಯ ಹೊಸ ಸಿಮೆಂಟು, ಗುಂಡಿ ಅದರಡಿಯಲ್ಲಿ. ಬೀಗರೂಟಕ್ಕೆಂದು ತಿಂಗಳ ಹಿಂದೆ ಹಾಕಿಸಿದ್ದು.

ಅವಳ ಅತ್ತೆ ಸಣ್ಣಮ್ಮ ಬಾಗಿಲಿಂದಲೇ ಅಂದರು: “ದಿನಾ ಪಾತ್ರೆ ತೊಳದ್ ನೀರ ಅಲ್ಲೇ ಉಯ್ತಿದ್ದೆ ಕಣಪ್ಪ. ಸಿಮೆಂಟು ಗಲೀಜಾಯ್ತದೆ, ಬ್ಯಾಡ ಕಣತ್ತೆ ಅಂದ್ಲು ಇವ್ಳೇ.”

ಸವಿತಾ ಒಳಗೆ ಓಡಿ ಹಾರೆ ತಂದಳು. ಇಬ್ಬರೂ ಸೇರಿ ಸಿಮೆಂಟು ಒಡೆದೆವು. ಕೆಳಗೆ ಬೂದಿಯಂಥ ಮಣ್ಣು. ಎರಡು ಕೊಡ ನೀರು, ನಾಲ್ಕು ಹಿಡಿ ಉಪ್ಪು. ನಾಲ್ಕೂಮುಕ್ಕಾಲಿಗೆ ಬಾಣ ಬೆರಳಿನ ಮಾತು ಕೇಳಿತು. ಸವಿತಾ ‘ಮಂಡ್ಯ’ ಒತ್ತಿದಳು. ಹುಡುಗಿ ಹೆಬ್ಬೆರಳಿಟ್ಟಳು. ಅರ್ಜಿ ಹೋಯಿತು.

“ಈಸ್ ದಿನ ಅದ್ರ ಒಟ್ಟೆ ಕುಯ್ದ್ಯಲ್ಲಪ್ಪ,” ಸಣ್ಣಮ್ಮ ಮಜ್ಜಿಗೆ ಕೊಡುತ್ತಾ ನಕ್ಕರು, “ಒಂದ್ಸಲ ಮನೆಗ್ ಬಂದು ನೋಡ್ಬಾರ್ದಾ?”

ಅಂದಿನಿಂದ ಯಾರೇ ಯಂತ್ರ ತಂದರೂ, ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಕೇಳುತ್ತೇನೆ: ಮನೆಯಲ್ಲಿ ಎಲ್ಲಿಟ್ಟಿದ್ದೀರಿ, ಇತ್ತೀಚೆಗೆ ಅಲ್ಲಿ ಏನು ಬದಲಾಯಿಸಿದಿರಿ? ಸವಿತಾಳ ಯಂತ್ರದಿಂದ ಕಿತ್ತ ಎರಡು ಟಚ್‌ಪ್ಯಾಡುಗಳು ಇನ್ನೂ ನನ್ನ ಮೇಜಿನ ಖಾನೆಯಲ್ಲಿವೆ. ಎರಡಕ್ಕೂ ಏನೂ ಆಗಿರಲಿಲ್ಲ.