ಕೆಮ್ಮಿದವನ ಪರ

ಶಹಾಪುರದಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಮೆಕ್ಯಾನಿಕ್ ಒಬ್ಬರಿದ್ದರು. ತಮ್ಮ ಅಂಗಡಿಯಲ್ಲಿ ಅವರು ದಿನವಿಡೀ ಹಾಕುತ್ತಿದ್ದದ್ದು ಒಂದೇ ರೆಕಾರ್ಡಿಂಗ್. ಹೆಸರಾಂತ ವಾದ್ಯವೃಂದ ನಿರ್ದೇಶಕನೊಬ್ಬ ಯುರೋಪಿನಲ್ಲಿ, ತುಂಬಿದ ಸಭೆಯ ಮುಂದೆ ನಡೆಸಿಕೊಟ್ಟ ಹಳೆಯ ಸಿಂಫನಿ ಅದು. ಗಿರಾಕಿಗಳು ಗೊಣಗಿದರೆ, “ಮೊದಲ ಕೇಳ್ರಿ, ಆಮ್ಯಾಲ ಬೈರಿ” ಎಂದು ಸದ್ದು ಇನ್ನಷ್ಟು ಏರಿಸುತ್ತಿದ್ದರು. ಪಿಟೀಲುಗಳೆಲ್ಲ ಮೆತ್ತಗಾದಾಗ ಸಭೆಯಲ್ಲಿ ಯಾರೋ ಒಬ್ಬ ಕೆಮ್ಮುತ್ತಾನೆ. ತಂತಿಯ ಸುತ್ತಿನ ಎಣಿಕೆ ತಪ್ಪಿದರೂ ಸರಿ, ಆ ಕೆಮ್ಮಿಗಾಗಿ ಕೈ ನಿಲ್ಲಿಸಿ ಕಾಯುತ್ತಿದ್ದರು.

ಅಲ್ಲಿನ ಗಿರಾಕಿಯಾದ ನಾನು ಒಮ್ಮೆ, ಕೇಳಲು ಚೆನ್ನಾಗಿರಲೆಂದು ಕಂಪ್ಯೂಟರಿನಲ್ಲಿ ಆ ಕೆಮ್ಮನ್ನು ಅಳಿಸಿ, ಹೊಸ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದುಕೊಟ್ಟೆ. ಪಿಟೀಲು ಮೆತ್ತಗಾಯಿತು, ಅವರ ಕೈ ನಿಂತಿತು, ಕೆಮ್ಮು ಬರಲಿಲ್ಲ. ಪೆನ್‌ಡ್ರೈವ್ ಕಿತ್ತು ನನ್ನ ಜೇಬಿಗೇ ತುರುಕಿದರು.

“ಕೆಮ್ಮಿದ್ರೂ ಎದ್ದು ಹೋಗಲಾರದ ಕುಂತು ಕೇಳ್ಯಾನ ಆ ಮನಷ್ಯಾ. ಅವನ್ನ ಹೊರಗ ದಬ್ಬಾಕ ನೀವ್ಯಾರ್ರಿ?”